ಕಾಲುಸಂಕದ ಮೇಲೊಂದು ಪೌರನೀತಿ ಪಾಠ

ನವೆಂಬರಿನ ಬೆಳಗು. ಕುಂದಾಪುರದಿಂದ ಘಟ್ಟದ ಬುಡಕ್ಕೆ ಹೋಗುವ ರಸ್ತೆಯ ಬದಿಯಲ್ಲೊಂದು ಸರ್ಕಾರಿ ಪ್ರೌಢಶಾಲೆ. ಕೊಯ್ಲು ಮುಗಿದ ಗದ್ದೆಗಳಲ್ಲಿ ಕೊಕ್ಕರೆಗಳು ಕಾಲೂರಿವೆ, ಎದುರು ಮನೆಯ ಅಂಗಳದಲ್ಲಿ ಅಡಿಕೆ ಹರವಿದ್ದಾರೆ. ಧ್ವಜಕಟ್ಟೆಯ ಮುಂದೆ ಮಕ್ಕಳು ಸಾಲಾಗಿ ನಿಂತಿದ್ದಾರೆ. ನಾಡಗೀತೆ ಮುಗಿದ ಕೂಡಲೇ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮುಂದೆ ಬಂದು ಸಂವಿಧಾನದ ಪೀಠಿಕೆಯನ್ನು ಹೇಳಿಕೊಡಲು ಶುರು ಮಾಡುತ್ತಾಳೆ. ಕೈಯಲ್ಲಿ ಚೀಟಿ ಇಲ್ಲ. ಅವಳು ಒಂದು ತುಂಡು ಹೇಳಿ ನಿಲ್ಲಿಸಿದರೆ ಅಂಗಳವಿಡೀ ಅದನ್ನು ಮರಳಿ ಹೇಳುತ್ತದೆ. ‘ಸಾರ್ವಭೌಮ’ ಬಂದಾಗ ಎಂಟನೆಯವರ ನಾಲಗೆ ತೊಡರುತ್ತದೆ. ‘ಭ್ರಾತೃತ್ವ’ವನ್ನು ಹತ್ತನೆಯವರು ಗಟ್ಟಿ ದನಿಯಲ್ಲಿ ಹೇಳಿ ಕಿರಿಯರನ್ನೂ ದಾಟಿಸುತ್ತಾರೆ.

ಶಾಲಾ–ಕಾಲೇಜುಗಳಲ್ಲಿ ಪೀಠಿಕೆ ಓದುವುದನ್ನು ರಾಜ್ಯ ಸಚಿವ ಸಂಪುಟ ಕಡ್ಡಾಯ ಮಾಡಿದ್ದು 2023ರ ಜೂನ್‌ನಲ್ಲಿ. ಅದೇ ವರ್ಷ ಸೆಪ್ಟೆಂಬರ್ 15ರಂದು, ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನದ ಅಂಗವಾಗಿ, ರಾಜ್ಯದ ಉದ್ದಗಲಕ್ಕೂ ಸಾಮೂಹಿಕ ವಾಚನ ನಡೆಯಿತು. ಬರಿಯ ಬಾಯಿಪಾಠದಿಂದ ಏನಾದೀತು ಎಂದು ಕೇಳುವವರಿದ್ದಾರೆ. ಮಗ್ಗಿ ಬಂದದ್ದೂ ಬಾಯಿಪಾಠದಿಂದಲೇ ಎಂಬುದನ್ನು ಅವರು ನೆನೆಯಬೇಕು. ಮಗ್ಗಿ ಕಲಿತ ಮಗು ಸಂಜೆ ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುತ್ತದೆ. ಪೀಠಿಕೆ ಕಲಿತ ಮಗು ಅದನ್ನು ಎಲ್ಲಿ ಬಳಸಬೇಕು? ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ಸಮಾಜ ವಿಜ್ಞಾನದ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತೆ.

ಪಾಠ ಮಾಡುವವರು ಬಾಗಲಕೋಟೆ ಕಡೆಯ ಮೇಷ್ಟ್ರು. ಕರಾವಳಿಯ ಸರ್ಕಾರಿ ಶಾಲೆಗಳಲ್ಲಿ ಬಯಲುಸೀಮೆಯ ಶಿಕ್ಷಕರು ಅಪರೂಪವಲ್ಲ. ಅವರ ಮಾತಿಗೂ ಮಕ್ಕಳ ಕುಂದಗನ್ನಡಕ್ಕೂ ಒಳ್ಳೆಯ ಹೊಂದಾಣಿಕೆ ಆಗಿಬಿಟ್ಟಿದೆ. ಅವರು ಪುಸ್ತಕ ತೆರೆಯಲಿಲ್ಲ. ಕಪ್ಪು ಹಲಗೆಯ ಮೇಲೆ 21ಎ, 24, 32 ಎಂದು ಸಂವಿಧಾನದ ಮೂರು ವಿಧಿಗಳ ಅಂಕಿ ಬರೆದು ತಿರುಗಿದರು. “ಇದರಾಗ ಯಾವುದು ನಿಮ್ಮ ಮನಿ ಬಾಗಲಿಗೆ ಹತ್ತಿರ ಐತಿ, ನೋಡಿ ಹೇಳ್ರಿ.”

ಕಿಟಕಿ ಪಕ್ಕದ ಹುಡುಗ 24 ಎಂದ. ಅವನ ಅಜ್ಜಯ್ಯ ಹತ್ತು ವರ್ಷಕ್ಕೇ ಬೊಂಬಾಯಿಯ ಹೋಟೆಲಿಗೆ ಲೋಟ ತೊಳೆಯಲು ಹೋದವರಂತೆ. ಇನ್ನೂ ಮೂರ್ನಾಲ್ಕು ಕೈಗಳು ಮೇಲೆದ್ದವು. ಒಬ್ಬಳ ದೊಡ್ಡಪ್ಪ ಬೆಂಗಳೂರಿಗೆ, ಇನ್ನೊಬ್ಬನ ಮಾವ ಹುಬ್ಬಳ್ಳಿಗೆ. ಈ ಸೀಮೆಯಲ್ಲಿ ಹೋಟೆಲಿಗೆ ಮಗುವನ್ನು ಕಳಿಸದ ಮನೆತನ ಹುಡುಕಿದರೆ ಸಿಕ್ಕೀತು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿ, ಅಪಾಯದ ಕೆಲಸಗಳಿಗೆ ಹಚ್ಚಬಾರದು ಎಂದು 24ನೆಯ ವಿಧಿ 1950ರಲ್ಲೇ ಹೇಳಿತ್ತು. ಆದರೂ ಹೋಟೆಲು, ಢಾಬಾ, ಮನೆಗೆಲಸಗಳಿಗೆ ನಿಷೇಧ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಹದಿನಾಲ್ಕರೊಳಗಿನವರ ದುಡಿಮೆಯನ್ನು, ಮನೆಯವರ ಕಸುಬಿನಂಥ ಕೆಲವು ವಿನಾಯಿತಿ ಬಿಟ್ಟು, ಪೂರ್ತಿ ನಿಷೇಧಿಸಿದ್ದು 2016ರ ತಿದ್ದುಪಡಿ. ಮೇಷ್ಟ್ರು ಈ ಇಸವಿಗಳನ್ನು ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ ಹುಡುಗನ ಅಜ್ಜಯ್ಯ ಬೊಂಬಾಯಿಗೆ ಹೋದ ಕಾಲವನ್ನೂ ಬರೆದರು. ತರಗತಿ ಒಂದು ಗಳಿಗೆ ಆ ಪಟ್ಟಿಯನ್ನೇ ನೋಡಿತು. ಕಾನೂನು ತಡವಾದರೆ ಒಂದು ಬಾಲ್ಯಕ್ಕೆ ಎಷ್ಟು ನಷ್ಟ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಆಮೇಲೆ 21ಎ. ಇದರ ಕಥೆಗೆ ಕರ್ನಾಟಕವೇ ರಂಗಸ್ಥಳ. ಇಲ್ಲಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಸೀಟು ಬಯಸಿದ ಉತ್ತರ ಪ್ರದೇಶದ ವಿದ್ಯಾರ್ಥಿನಿಗೆ ಹೊರರಾಜ್ಯದವಳೆಂದು ವರ್ಷಕ್ಕೆ 60 ಸಾವಿರ ರೂಪಾಯಿ ಶುಲ್ಕ ಕೇಳಿದರು. ಆಕೆ ಸುಪ್ರೀಂ ಕೋರ್ಟಿಗೆ ಹೋದಳು. ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಎಂಬ ಆ ಮೊಕದ್ದಮೆಯಲ್ಲಿ, 1992ರಲ್ಲಿ, ಶಿಕ್ಷಣ ಪಡೆಯುವುದು ಘನತೆಯ ಬದುಕಿನ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು: “ಸರ್, ಕೇಸ್ ಹಾಕಿದ್ದು ಡಾಕ್ಟರ್ ಓದೂಕೆ. ಅದು ನಮ್ಮ ಶಾಲೆಗೆ ಹ್ಯಾಂಗೆ ಬಂತು?”

ಸಂವಿಧಾನದ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇರಲಾರದು. ಉತ್ತರ ಮೆಟ್ಟಿಲು ಮೆಟ್ಟಿಲಾಗಿ ಬಂತು. ಮರುವರ್ಷವೇ, 1993ರ ಉಣ್ಣಿಕೃಷ್ಣನ್ ತೀರ್ಪಿನಲ್ಲಿ, ಹದಿನಾಲ್ಕು ವರ್ಷದವರೆಗಿನ ಶಿಕ್ಷಣ ಮೂಲಭೂತ ಹಕ್ಕು ಎಂದು ನ್ಯಾಯಾಲಯ ಗೆರೆ ಎಳೆಯಿತು. 2002ರಲ್ಲಿ 86ನೆಯ ತಿದ್ದುಪಡಿ 21ಎ ವಿಧಿಯನ್ನು ಸೇರಿಸಿತು. 2009ರಲ್ಲಿ ಕಾಯ್ದೆ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. “ಅಂದ್ರ, ಆರರಿಂದ ಹದಿನಾಲ್ಕು ವರ್ಷದ ತನಕ ಕಲಿಸೋದು ಸರ್ಕಾರದ ಉಪಕಾರ ಅಲ್ಲವ್ವಾ, ನಿನಗ ಕೊಡಬೇಕಾದ ಬಾಕಿ” ಎಂದರು ಮೇಷ್ಟ್ರು. ಹುಡುಗಿ ಕೂತಳು, ಆ ಮಾತನ್ನು ನೋಟ್ ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು.

ಗಂಟೆ ಬಾರಿಸುವ ಮುಂಚೆ ಕೇರಳದ ಮೂವರು ಮಕ್ಕಳ ಸಂಗತಿಯೂ ಬಂತು. ರಾಷ್ಟ್ರಗೀತೆಯ ಹೊತ್ತಿಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ತಮ್ಮ ಧರ್ಮಶ್ರದ್ಧೆಯ ಕಾರಣ ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಶಾಲೆಗೆ ಹೋಗುವ ಮಕ್ಕಳ ಪರವಾಗಿ ದೇಶದ ಅತ್ಯುನ್ನತ ನ್ಯಾಯಾಲಯ ಮಾತಾಡಿದೆ ಎಂದು ಕೇಳಿದಾಗ ಆ ಮುಖಗಳಲ್ಲಿ ಮೂಡಿದ ಅಚ್ಚರಿ ನೋಡುವಂತಿತ್ತು. ಹಲಗೆಯ ಮೇಲಿನ ಕೊನೆಯ ಅಂಕಿ 32. ಹಕ್ಕಿಗೆ ಧಕ್ಕೆ ಬಂದರೆ ನೇರವಾಗಿ ಆ ನ್ಯಾಯಾಲಯದ ಬಾಗಿಲು ಬಡಿಯಬಹುದು ಎನ್ನುವ ವಿಧಿ. ಸಂವಿಧಾನದ ಹೃದಯ, ಆತ್ಮ ಎಂದು ಅಂಬೇಡ್ಕರರು ಬಣ್ಣಿಸಿದ್ದು ಇದನ್ನೇ. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು ಇದೇ ಕರಾವಳಿಯ ಮೂಲದವರು ಎಂಬುದನ್ನೂ ಮೇಷ್ಟ್ರು ಸೇರಿಸಿದರು.

ತರಗತಿಯ ಗೋಡೆಯಲ್ಲಿ ಶಾಲಾ ಸಂಸತ್ತಿನ ಪಟ್ಟಿ ತೂಗುತ್ತಿದೆ. ಜೂನ್‌ನಲ್ಲಿ ನಡೆದ ಚುನಾವಣೆಯದು. ನಾಮಪತ್ರ, ಹಿಂತೆಗೆತ, ಚಿಹ್ನೆ ಹಂಚಿಕೆ, ಪ್ರಚಾರ ಎಲ್ಲವೂ ಕ್ರಮವಾಗಿ ನಡೆದು, ಎರಡು ಮೊಬೈಲುಗಳೇ ಮತಯಂತ್ರವಾದವಂತೆ. ಬೆರಳಿಗೆ ಮಾರ್ಕರ್ ಪೆನ್ನಿನ ಗೆರೆ. 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ಎಂದು ಮಕ್ಕಳಿಗೆ ತಿಳಿದದ್ದು ಆ ದಿನವೇ. ಆಹಾರ ಮಂತ್ರಿಯಾದ ಹುಡುಗ ದಿನವೂ ಬಿಸಿಯೂಟದ ಸಾರಿನ ರುಚಿ ನೋಡಿ ಪುಸ್ತಕದಲ್ಲಿ ಬರೆಯುತ್ತಾನೆ. ವಿರೋಧ ಪಕ್ಷದ ನಾಯಕಿ ಆ ಪುಸ್ತಕವನ್ನು ವಾರಕ್ಕೊಮ್ಮೆ ಕೇಳಿ ತರಿಸಿಕೊಳ್ಳುತ್ತಾಳೆ.

ಹನ್ನೊಂದಕ್ಕೆ ಎಲ್ಲರೂ ಪಂಚಾಯಿತಿಯ ಸಭಾಭವನಕ್ಕೆ ನಡೆದರು. ಅಂದು ಮಕ್ಕಳ ಗ್ರಾಮಸಭೆ. ವೇದಿಕೆಯಲ್ಲಿ ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಆರೋಗ್ಯ ಇಲಾಖೆಯವರು, ಪೊಲೀಸ್ ಠಾಣೆಯಿಂದ ಬಂದ ಒಬ್ಬರು. ಕೆಳಗೆ ಚಾಪೆಯ ಮೇಲೆ ಸುತ್ತಲಿನ ಶಾಲೆಗಳ ಮಕ್ಕಳು. ಹಿಂದಿನ ವಾರಗಳಲ್ಲಿ ಶಾಲೆಗಳಲ್ಲಿಟ್ಟಿದ್ದ ಪೆಟ್ಟಿಗೆಯನ್ನು ಮಕ್ಕಳ ಎದುರೇ ತೆರೆದರು. ಹೆಸರು ಬರೆಯದ ಚೀಟಿಗಳು. ಬಸ್ಸು ಕೈ ಮಾಡಿದರೂ ನಿಲ್ಲಿಸುವುದಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕವಿಲ್ಲ. ಊರ ಗ್ರಂಥಾಲಯವಾದ ಅರಿವು ಕೇಂದ್ರ ನಾವು ಶಾಲೆ ಬಿಡುವಷ್ಟರಲ್ಲಿ ಮುಚ್ಚಿರುತ್ತದೆ. ಶಾಲೆಯ ದಾರಿಯಲ್ಲಿ ಕುಡಿದವರ ಕಾಟ. ಒಂದು ಚೀಟಿಯನ್ನು ಪಿಡಿಒ ಮೇಡಂ ಓದದೆ ಮಡಚಿ, ಮಕ್ಕಳ ರಕ್ಷಣೆಗೆ ಸಂಬಂಧಿಸಿದ್ದು ಎಂದು ಬೇರೆ ಇಟ್ಟರು. ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಎಲ್ಲರಿಂದಲೂ ಎರಡು ಬಾರಿ ಹೇಳಿಸಿದರು. ಆ ಸೂಕ್ಷ್ಮ ಕಂಡು ಮನಸ್ಸು ತುಂಬಿತು.

ಆಗ ಎದ್ದವಳು ಎರಡು ಜಡೆಯ ಹುಡುಗಿ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬಣ್ಣದ ಪೆನ್ಸಿಲಿನಿಂದ ಬರೆದ ನಕ್ಷೆಯೊಂದನ್ನು ಇಬ್ಬರು ಗೆಳತಿಯರು ಅಗಲಿಸಿ ಹಿಡಿದರು. ನೀಲಿಯಲ್ಲಿ ತೋಡು, ಹಸಿರಲ್ಲಿ ತೋಟ, ಕಂದು ಬಣ್ಣದಲ್ಲಿ ಕಾಲುಸಂಕ. ಎರಡು ಅಡಿಕೆ ಮರದ ಕಾಂಡಗಳನ್ನು ಜೋಡಿಸಿ ಕಟ್ಟಿದ ಸಂಕ. ಒಂದೇ ಬದಿಗೆ ಬಿದಿರಿನ ಕೈಹಿಡಿ. ಅದನ್ನು ದಿನಾ ದಾಟುವ ಮಕ್ಕಳ ಮನೆಗಳಿಗೆಲ್ಲ ಕೆಂಪು ಚುಕ್ಕೆ. ಮಳೆಗಾಲದಲ್ಲಿ ನೀರು ಏರುವ ಮಟ್ಟಕ್ಕೆ ಒಂದು ಅಡ್ಡಗೆರೆ. ಆ ಗೆರೆ ಸಂಕಕ್ಕಿಂತ ಮೇಲಿತ್ತು. “ಮಳಿ ಜೋರಾದ್ರೆ ಸಂಕ ದಾಟೂಕೆ ಆತಿಲ್ಲೆ ಮೇಡಂ. ಪಾಚಿ ಕಟ್ಟತ್ತ್, ಕಾಲ್ ಜಾರತ್ತ್” ಎಂದಳು. ಆಮೇಲೆ ನಿಧಾನವಾಗಿ, ಬಾಯಿಪಾಠ ಒಪ್ಪಿಸುವವಳ ಹಾಗಲ್ಲದೆ, ತನ್ನದೇ ಮಾತೆಂಬಂತೆ ಹೇಳಿದಳು: “21ಎ ಪ್ರಕಾರ ಶಾಲೆಗೆ ಹೋಪೂದು ನಮ್ಮ ಹಕ್ಕು. ದಾರಿಯೇ ಇಲ್ದಿದ್ರೆ ಹೋಪೂದು ಹ್ಯಾಂಗೆ?”

ಸಭೆಯಲ್ಲಿ ಯಾರೂ ನಗಲಿಲ್ಲ. ಇದೇ ಸೀಮೆಯ ಬೈಂದೂರು ತಾಲ್ಲೂಕಿನಲ್ಲಿ 2022ರ ಮಳೆಗಾಲದಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಬಿದ್ದು ಕೊಚ್ಚಿಹೋದದ್ದನ್ನು ಊರವರು ಮರೆತಿಲ್ಲ. ಮೇಡಂ ನಡಾವಳಿ ಪುಸ್ತಕದಲ್ಲಿ ಬೇಡಿಕೆಯನ್ನು ಬರೆಸಿದರು, ಉದ್ಯೋಗ ಖಾತ್ರಿಯಲ್ಲಿ ಆಗುವುದೋ ಲೋಕೋಪಯೋಗಿ ಇಲಾಖೆಗೆ ಕಳಿಸಬೇಕೋ ಎಂದು ಎಂಜಿನಿಯರರನ್ನು ಕೇಳಿದರು. ಅಷ್ಟಕ್ಕೇ ಹುಡುಗಿ ಕೂರಲಿಲ್ಲ. “ಹೋದ ವರ್ಷವೂ ಬರ್ಕೊಂಡಿದ್ರಿ ಮೇಡಂ. ಅದು ಎಂತ ಆಯ್ತು?” ಎಂದಳು. ಅಧ್ಯಕ್ಷರು ಕಡತ ತರಿಸಿದರು. ಹಿಂದಿನ ವರ್ಷದ ಪಟ್ಟಿಯನ್ನು ಒಂದೊಂದಾಗಿ ಓದಬೇಕಾಯಿತು: ಬೀದಿದೀಪ ಆಗಿದೆ, ಕುಡಿಯುವ ನೀರಿನ ಫಿಲ್ಟರ್ ಆಗಿದೆ, ಸಂಕದ ಅರ್ಜಿ ಮೇಲಕ್ಕೆ ಹೋಗಿದೆ, ಉತ್ತರ ಬಂದಿಲ್ಲ. ಹದಿಮೂರು ವರ್ಷದ ಮಗು ಕೇಳಿದ ಪ್ರಶ್ನೆಗೆ ಚುನಾಯಿತ ಅಧ್ಯಕ್ಷರು ಎದ್ದು ನಿಂತು ಲೆಕ್ಕ ಒಪ್ಪಿಸಿದ ಆ ಹತ್ತು ನಿಮಿಷವೇ ನಾನು ಕಂಡ ಅತ್ಯುತ್ತಮ ಪೌರನೀತಿ ಪಾಠ.

ಈ ಸಭೆಯ ಬೇರು ಇದೇ ಮಣ್ಣಿನಲ್ಲಿದೆ. ಹೋಟೆಲು ಮೊದಲಾದ ಕಡೆ ದುಡಿಯುತ್ತಿದ್ದ ಮಕ್ಕಳು ಸೇರಿ ಕಟ್ಟಿದ ಭೀಮ ಸಂಘ, ಅವರ ಜೊತೆಗಿದ್ದ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳನ್ನು ನಡೆಸಿದವು. ಮಕ್ಕಳೇ ಊರಿನ ಸಮೀಕ್ಷೆ ಮಾಡಿ, ನಕ್ಷೆ ಬರೆದು, ಹಿರಿಯರ ಪಂಚಾಯಿತಿಯ ಮುಂದಿಟ್ಟರು. 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು ಗ್ರಾಮಸಭೆಗೆ ಸಂವಿಧಾನದ ಮನ್ನಣೆ ಸಿಕ್ಕಿತ್ತು. ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಅವರ ಅಭಿಪ್ರಾಯ ಕೇಳಬೇಕೆನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರ ಡಿಸೆಂಬರ್‌ನಲ್ಲೇ ಒಪ್ಪಿಗೆ ಕೊಟ್ಟಿತ್ತು. ಇವೆರಡನ್ನೂ ಸೇರಿಸಿ ನೋಡಿದವರು ಈ ಮಕ್ಕಳು. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಹೇಳಿತು. ಹೋಟೆಲಿನಲ್ಲಿ ಲೋಟ ತೊಳೆದ ಕೈಗಳು ರಾಜ್ಯಕ್ಕೊಂದು ಸಂಸ್ಥೆಯನ್ನೇ ಕಟ್ಟಿಕೊಟ್ಟವು.

ಎಲ್ಲ ಕಡೆಯೂ ಸಭೆ ಹೀಗೆ ನಡೆಯುವುದಿಲ್ಲ. ಸ್ವಾಗತ, ಹಾರ, ಭಾಷಣಗಳಲ್ಲೇ ಹೊತ್ತು ಕಳೆದು, ಶಿಕ್ಷಕರು ಬರೆದುಕೊಟ್ಟ ಪ್ರಶ್ನೆಗಳನ್ನು ಇಬ್ಬರು ಜಾಣ ಮಕ್ಕಳು ಓದಿ, ಫೋಟೊ ತೆಗೆದು ಮುಗಿಸುವ ಊರುಗಳೂ ಇವೆ. ಖಾಸಗಿ ಶಾಲೆಗಳ ಬಹಳಷ್ಟು ಮಕ್ಕಳಿಗೆ ಇಂಥದ್ದೊಂದು ಸಭೆ ಇರುವುದೇ ತಿಳಿಯದು. ನಗರದ ವಾರ್ಡುಗಳಲ್ಲಿ ಮಕ್ಕಳ ಮಾತು ಕೇಳುವ ಇಂಥ ವೇದಿಕೆ ಕಾಣುವುದೇ ಅಪರೂಪ. ಮಕ್ಕಳು ಕೇಳಿದ್ದು ಉತ್ತರವಿಲ್ಲದೆ ಉಳಿದರೆ ಅವರು ಕಲಿಯುವ ಪಾಠ ಒಂದೇ: ಹಕ್ಕು ಪುಸ್ತಕದಲ್ಲಿದೆ, ಊರಿನಲ್ಲಿಲ್ಲ. ಆ ಪಾಠವನ್ನು ಆಮೇಲೆ ಯಾವ ಮೇಷ್ಟ್ರಿಗೂ ಅಳಿಸಲಾಗದು.

ಹದಿನೆಂಟಕ್ಕೆ ಮತದ ಹಕ್ಕು ಬರುತ್ತದೆ. ಪ್ರಶ್ನೆ ಕೇಳುವ ಅಭ್ಯಾಸ ಅದಕ್ಕೂ ಮೊದಲೇ ಬರಬೇಕು. ಪೀಠಿಕೆಯನ್ನು ದಿನವೂ ಓದಲಿ, ಶಾಲಾ ಸಂಸತ್ತು ನಡೆಯಲಿ, ಅದರ ಜೊತೆಗೆ ಮಕ್ಕಳು ಕೇಳಿದ್ದಕ್ಕೆ ಲಿಖಿತ ಉತ್ತರ ಸಿಗಲಿ. ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯ ನಡುವೆ ನಿಮ್ಮ ಪಂಚಾಯಿತಿಯಲ್ಲೂ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ದಿನಾಂಕ ಕೇಳಿ ತಿಳಿದುಕೊಳ್ಳಿ, ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ, ಹಿಂದಿನ ವರ್ಷದ ಅನುಪಾಲನಾ ವರದಿಯನ್ನು ಮಕ್ಕಳ ಎದುರು ಓದಿಸಿ. ಅಷ್ಟು ಮಾಡಿದರೆ ನಿಮ್ಮೂರಿನ ಮಕ್ಕಳಿಗೆ ಸಂವಿಧಾನ ಕಲಿಸಿದ ಶಿಕ್ಷಕರ ಸಾಲಿನಲ್ಲಿ ನೀವೂ ಒಬ್ಬರಾಗುತ್ತೀರಿ.