ರಿಪೋರ್ಟ್ ನಾರ್ಮಲ್, ಹುಡುಗ ಮಾತ್ರ ಏಳುತ್ತಿಲ್ಲ

ಹದಿನೈದರ ಹುಡುಗ. ನೆಗಡಿ-ಜ್ವರ ಇಳಿಯಿತು, ನಿದ್ದೆ ಇಳಿಯಲಿಲ್ಲ. ದಿನಕ್ಕೆ ಹದಿನೆಂಟು ಗಂಟೆ ಮಲಗುತ್ತಾನೆ. ಎಬ್ಬಿಸಿದರೆ ಸಿಡುಕು, ಸಿಕ್ಕಿದ್ದನ್ನೆಲ್ಲ ಮುಕ್ಕುವ ಹಸಿವು, ‘ಎಲ್ಲ ಕನಸಿನ ಹಾಗಿದೆ’ ಎಂಬ ಮಂಪರು ಮಾತು. ಹತ್ತು ದಿನ ಕಳೆದರೆ ಏನೂ ಆಗದವನಂತೆ ಶಾಲೆಗೆ ಹೊರಡುತ್ತಾನೆ. ಕೆಲವು ತಿಂಗಳಿಗೆ ಮತ್ತೆ ಅದೇ.

ಕ್ಲೈನ್–ಲೆವಿನ್ ಸಿಂಡ್ರೋಮ್ ಕಾಣಿಸಿಕೊಳ್ಳುವುದು ಹೀಗೆ. ಹತ್ತು ಲಕ್ಷದಲ್ಲಿ ಕೆಲವೇ ಮಂದಿಗೆ ಬರುವ ಕಾಯಿಲೆ. ಹೆಚ್ಚಿನವರು ಹದಿಹರೆಯದ ಹುಡುಗರು. ಜರ್ಮನಿಯ ವಿಲಿ ಕ್ಲೈನ್ 1925ರಲ್ಲಿ ಇಂಥವರ ಬಗ್ಗೆ ಬರೆದರು, ಆಮೇಲೆ ಅಮೆರಿಕದ ಮ್ಯಾಕ್ಸ್ ಲೆವಿನ್. 1942ರಲ್ಲಿ ಇಬ್ಬರ ಹೆಸರೂ ಕಾಯಿಲೆಗೆ ಅಂಟಿತು.

ಮನೆಯವರನ್ನು ಕಂಗೆಡಿಸುವುದು ಎಂಆರ್‌ಐ ರಿಪೋರ್ಟು. ಅದು ಸಾಮಾನ್ಯವಾಗಿ ನಾರ್ಮಲ್ ಎಂದೇ ಬರುತ್ತದೆ. ‘ಹಾಗಾದರೆ ನಾಟಕವೇ?’ ಎಂಬ ಅನುಮಾನ ಅಲ್ಲಿಂದಲೇ ಶುರು. ಆದರೆ ಆ ಚಿತ್ರ ತೋರಿಸುವುದು ಮನೆಯ ಗೋಡೆ-ತೊಲೆಗಳನ್ನು. ಒಳಗೆ ಒಲೆ ಹೇಗೆ ಉರಿಯುತ್ತಿದೆ ಎಂಬುದನ್ನಲ್ಲ. ಮೆದುಳಿನ ರಕ್ತಸಂಚಾರ ಅಳೆಯುವ ಸ್ಪೆಕ್ಟ್ ಸ್ಕ್ಯಾನ್ ಮಾಡಿದಾಗ, ನಿದ್ದೆಯ ದಿನಗಳಲ್ಲಿ ಥಲಾಮಸ್‌ಗೆ ರಕ್ತ ಕಡಿಮೆ ಹರಿಯುವುದು ಕಂಡಿತು. ಕಣ್ಣು-ಕಿವಿಗಳ ಸುದ್ದಿಯನ್ನು ಮೆದುಳಿನ ಹೊರಪದರಕ್ಕೆ ದಾಟಿಸುವ, ಎಚ್ಚರವನ್ನು ಕಾಯುವ ಜಾಗ ಅದು. ಪ್ಯಾರಿಸ್‌ನಲ್ಲಿ ಇಸಾಬೆಲ್ ಅರ್ನುಲ್ಫ್ ಅವರ ತಂಡ, ಕಾಯಿಲೆ ಬಿಡುವು ಕೊಟ್ಟ ದಿನಗಳಲ್ಲೂ ಈ ಕೊರತೆ ಪೂರ್ತಿ ಹೋಗುವುದಿಲ್ಲ ಎಂದು ಕಂಡುಕೊಂಡಿತು. ‘ಕನಸಿನ ಹಾಗಿದೆ’ ಎಂಬ ಮಾತಿಗೂ ನೆಲೆ ಸಿಕ್ಕಿತು: ಆ ಭಾವ ತೀವ್ರವಾಗಿದ್ದವರಲ್ಲಿ ಬಲಗಿವಿಯ ಮೇಲುಭಾಗದ ಮೆದುಳಿಗೆ ರಕ್ತ ಕಡಿಮೆಯಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ಸ್ವೀಡನ್ನಿನ ಲಿನ್‌ಶೋಪಿಂಗ್‌ನ ಕೆಲಸ. ಮರಿಯಾ ಎಂಗ್‌ಸ್ಟ್ರೋಮ್, ಆನ್-ಮರೀ ಲ್ಯಾಂಡ್‌ಟ್‌ಬ್ಲೋಮ್ ಮತ್ತು ಸಂಗಡಿಗರು ಬಿಡುವಿನ ದಿನಗಳಲ್ಲಿದ್ದ ರೋಗಿಗಳಿಗೆ ನೆನಪಿನ ಪರೀಕ್ಷೆ ಕೊಟ್ಟರು. ವಾಕ್ಯ ಓದಬೇಕು, ಅರ್ಥವಿದೆಯೋ ಇಲ್ಲವೋ ಹೇಳಬೇಕು, ಜೊತೆಗೇ ಕೊನೆಯ ಪದವನ್ನು ಮನಸ್ಸಿನಲ್ಲಿ ಹಿಡಿದಿಡಬೇಕು. ಪದಗಳು ಜಾರಿದವು. ಸ್ಕ್ಯಾನರ್‌ನಲ್ಲಿ ನೋಡಿದರೆ ಥಲಾಮಸ್ ಆರೋಗ್ಯವಂತರದ್ದಕ್ಕಿಂತ ಹೆಚ್ಚು ದುಡಿಯುತ್ತಿತ್ತು. ಗಮನಕ್ಕೆ ಬೇಕಾದ ಮುಂಭಾಗದ ಮೆದುಳು ಅಷ್ಟು ಮೇಲೇಳಲಿಲ್ಲ.

ಎಂದರೆ, ಎದ್ದು ಕೂತು ನಗುತ್ತಿರುವ ಹುಡುಗನಿಗೂ ಪಾಠ ಹಿಡಿಯಲು ದುಪ್ಪಟ್ಟು ಶ್ರಮವಾಗುತ್ತಿರಬಹುದು. ಅವನನ್ನು ಕ್ಲಾಸಿನಲ್ಲಿ ‘ಕುಂಭಕರ್ಣ’ ಎಂದು ಕರೆಯುವುದು ಕ್ರೌರ್ಯ.

ಈ ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆ ಇನ್ನೂ ಇಲ್ಲ. ವೈದ್ಯರು ನಂಬಬೇಕಾದ್ದು ಮನೆಯವರು ಹೇಳುವ ಕಥೆಯನ್ನೇ. ನಿದ್ದೆ ಯಾವತ್ತು ಶುರುವಾಯಿತು, ಯಾವತ್ತು ಬಿಟ್ಟಿತು, ನಡುವೆ ಮಗು ಏನು ತಿಂದಿತು, ಏನು ಮಾತಾಡಿತು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ನರರೋಗ ತಜ್ಞರ ಬಳಿ ಹೋಗುವಾಗ ಅದನ್ನು ಮರೆಯದೆ ಒಯ್ಯಿರಿ.