ಅಗ್ಗದ ವಿಮಾನ, ತುಟ್ಟಿಯ ಮೋಜು

ಮದುವೆಗೆ ಮುಂಚೆ ವರ ಕೊಡೆ ಹಿಡಿದು, ಕೋಲು ಊರಿಕೊಂಡು ಕಾಶಿಗೆ ಹೊರಡುವ ಶಾಸ್ತ್ರ ನಮ್ಮಲ್ಲಿ ಅನೇಕ ಮನೆತನಗಳಲ್ಲಿದೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕನ್ಯೆಯ ಕಡೆಯವರು ಅಡ್ಡಬಂದು, ಮಾತಿನಲ್ಲಿ ಒಲಿಸಿ, ಮಂಟಪಕ್ಕೆ ಕರೆತರುತ್ತಾರೆ. ಬ್ರಿಟನ್ನಿನ ವರನೂ ಮದುವೆಗೆ ಮುಂಚೆ ಯಾತ್ರೆ ಹೊರಡುತ್ತಾನೆ. ಆದರೆ ಅವನನ್ನು ಯಾರೂ ತಡೆಯುವುದಿಲ್ಲ. ಹತ್ತಾರು ಗೆಳೆಯರು ಸೇರಿ ಅವನನ್ನು ವಿಮಾನ ಹತ್ತಿಸಿ ಪ್ರಾಗ್‌ಗೋ ಬುಡಾಪೆಸ್ಟಿಗೋ ಕರೆದೊಯ್ಯುತ್ತಾರೆ!

ಇದಕ್ಕೆ ಅಲ್ಲಿನವರು ಇಟ್ಟ ಹೆಸರು ‘ಸ್ಟ್ಯಾಗ್ ವೀಕೆಂಡ್’. ಸ್ಟ್ಯಾಗ್ ಎಂದರೆ ಕೊಂಬಿನ ಗಂಡು ಜಿಂಕೆ. ವಧುವಿನ ಗೆಳತಿಯರು ನಡೆಸುವ ಇಂಥದೇ ಕೂಟಕ್ಕೆ ‘ಹೆನ್ ಪಾರ್ಟಿ’, ಅಂದರೆ ಹೇಂಟೆ ಕೂಟ ಎಂದು ಹೆಸರು. ಬ್ರಹ್ಮಚರ್ಯಕ್ಕೆ ವಿದಾಯ ಹೇಳುವ ನೆಪದಲ್ಲಿ ಗೆಳೆಯರೆಲ್ಲ ಕೂಡಿ ಕುಡಿದು, ಕುಣಿದು, ವರನನ್ನು ಗೋಳುಹೊಯ್ದುಕೊಳ್ಳುವುದೇ ಇದರ ಸಾರ. ಅವನಿಗೆ ಹೆಣ್ಣುವೇಷ ಹಾಕಿಸಿ ಬೀದಿಯಲ್ಲಿ ಮೆರವಣಿಗೆ ಮಾಡಿಸುವುದೂ ಉಂಟು.

ಒಂದು ಕಾಲಕ್ಕೆ ಇದು ಒಂದೇ ಸಂಜೆಯ ಸಂಗತಿಯಾಗಿತ್ತು. ಊರಿನ ಪರಿಚಿತ ಪಬ್ಬಿನಲ್ಲಿ, ಮದುವೆಯ ಹಿಂದಿನ ರಾತ್ರಿ, ಕೆಲವು ಗ್ಲಾಸ್ ಬಿಯರಿನೊಂದಿಗೆ ಮುಗಿದುಹೋಗುತ್ತಿತ್ತು. ಮರುದಿನ ತಲೆ ಹಿಡಿದುಕೊಂಡು ಚರ್ಚಿಗೆ ಬರುವ ವರನ ಪಾಡು ನೋಡಲಾರದೆ ದಿನವನ್ನು ಹಿಂದಕ್ಕೆ ತಳ್ಳಲಾಯಿತು. ಆಮೇಲೆ ಸಂಜೆ ಹೋಗಿ ವಾರಾಂತ್ಯವಾಯಿತು. ಬ್ಲ್ಯಾಕ್‌ಪೂಲ್, ಬ್ರೈಟನ್ನಿನಂಥ ಕಡಲತೀರದ ಊರುಗಳಿಗೆ ರೈಲು ಹತ್ತುವ ರೂಢಿ ಬಂತು. ಕೊನೆಗೆ ಸಮುದ್ರವನ್ನೇ ದಾಟಲಾಯಿತು. ಪಕ್ಕದ ಬೀದಿಯ ಕೂಟವನ್ನು ಪರದೇಶಕ್ಕೆ ಒಯ್ದ ಶಕ್ತಿ ಯಾವುದು? ಉತ್ತರ ಸರಳ: ಅಗ್ಗದ ವಿಮಾನ.

ಆಕಾಶಕ್ಕೆ ಬಿದ್ದಿದ್ದ ಬೇಲಿ

1980ರ ದಶಕದವರೆಗೂ ಯೂರೋಪಿನ ಆಕಾಶದಲ್ಲಿ ಸರಕಾರಗಳು ಬೇಲಿ ಹಾಕಿಕೊಂಡಿದ್ದವು. ಎರಡು ದೇಶಗಳ ನಡುವೆ ಯಾವ ಕಂಪೆನಿ ಹಾರಬೇಕು, ಎಷ್ಟು ದರ ಇಡಬೇಕು ಎಂಬುದನ್ನು ಒಪ್ಪಂದಗಳೇ ತೀರ್ಮಾನಿಸುತ್ತಿದ್ದವು. ಸ್ಪರ್ಧೆ ಇಲ್ಲದ ಕಡೆ ದರ ಇಳಿಯುವುದಾದರೂ ಹೇಗೆ?

ದಾರಿ ತೋರಿಸಿದ್ದು ಅಮೆರಿಕದ ಟೆಕ್ಸಸ್. ಅಲ್ಲಿ 1971ರಲ್ಲಿ ಹಾರಾಟ ಆರಂಭಿಸಿದ ಸೌತ್‌ವೆಸ್ಟ್ ಏರ್‌ಲೈನ್ಸ್ ಹಣದ ಮುಗ್ಗಟ್ಟಿನಿಂದ ಮರುವರ್ಷವೇ ತನ್ನ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ಉಳಿದ ಮೂರರಲ್ಲೇ ನಾಲ್ಕರ ಕೆಲಸ ತೆಗೆಯಬೇಕಾದಾಗ ಹೊಳೆದ ಉಪಾಯ, ಇಳಿದ ವಿಮಾನವನ್ನು ಹತ್ತೇ ನಿಮಿಷದಲ್ಲಿ ಮತ್ತೆ ಹಾರಿಸುವುದು! ನೆಲದ ಮೇಲೆ ನಿಂತ ವಿಮಾನ ಖರ್ಚು. ಗಾಳಿಯಲ್ಲಿರುವ ವಿಮಾನ ಸಂಪಾದನೆ. ಅಗ್ಗದ ವಿಮಾನಯಾನದ ಮೂಲಮಂತ್ರ ಇದೇ.

ಯೂರೋಪಿನಲ್ಲಿ ಈ ಮಂತ್ರವನ್ನು ಚೆನ್ನಾಗಿ ಜಪಿಸಿದವರು ಐರ್ಲೆಂಡಿನ ರಯಾನ್‌ಏರ್ ಮತ್ತು ಇಂಗ್ಲೆಂಡಿನ ಈಸಿಜೆಟ್. ರಯಾನ್‌ಏರ್ 1985ರಲ್ಲಿ 15 ಆಸನಗಳ ಪುಟ್ಟ ವಿಮಾನದೊಂದಿಗೆ ವಾಟರ್‌ಫರ್ಡ್‌ನಿಂದ ಲಂಡನ್ನಿಗೆ ಹಾರಾಟ ಶುರುಮಾಡಿತು. ಮರುವರ್ಷ ಡಬ್ಲಿನ್-ಲಂಡನ್ ಮಾರ್ಗಕ್ಕೆ ಕಾಲಿಟ್ಟು, ದೊಡ್ಡ ಕಂಪೆನಿಗಳ ದರವನ್ನು ಬಹಳಷ್ಟು ಕತ್ತರಿಸಿ ಟಿಕೆಟ್ ಮಾರಿತು. ಈಸಿಜೆಟ್ ಹುಟ್ಟಿದ್ದು 1995ರಲ್ಲಿ. ಲಂಡನ್ ಸಮೀಪದ ಲೂಟನ್‌ನಿಂದ ಸ್ಕಾಟ್ಲೆಂಡಿಗೆ 29 ಪೌಂಡು; ಒಂದು ಜೀನ್ಸ್ ಪ್ಯಾಂಟಿನ ಬೆಲೆ ಎಂಬ ಪ್ರಚಾರ! ಏಜೆಂಟರ ಕಮಿಷನ್ ಉಳಿಸಲು ವಿಮಾನದ ಮೈಮೇಲೇ ಬುಕಿಂಗ್ ಟೆಲಿಫೋನ್ ಸಂಖ್ಯೆಯನ್ನು ದೊಡ್ಡದಾಗಿ ಬರೆಸಲಾಗಿತ್ತು.

ಯೂರೋಪಿಯನ್ ಒಕ್ಕೂಟ 1993ರಿಂದ ಬೇಲಿ ಕೀಳಲಾರಂಭಿಸಿ, 1997ರ ಏಪ್ರಿಲ್ ವೇಳೆಗೆ ಪೂರ್ತಿ ಕಿತ್ತುಹಾಕಿತು. ಸದಸ್ಯ ದೇಶದ ಯಾವ ಕಂಪೆನಿಯಾದರೂ ಒಕ್ಕೂಟದ ಒಳಗೆ ಎಲ್ಲಿಂದೆಲ್ಲಿಗಾದರೂ ಹಾರಬಹುದೆಂದಾಯಿತು. ಇದೇ ಮಾದರಿ ನಮ್ಮಲ್ಲಿಗೂ ಬಂತೆಂಬುದನ್ನು ಕನ್ನಡಿಗರಿಗೆ ನೆನಪಿಸಬೇಕಿಲ್ಲ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಬೆಂಗಳೂರಿನಲ್ಲಿ ಕಟ್ಟಿದ ಏರ್ ಡೆಕ್ಕನ್ 2003ರಲ್ಲಿ ಹಾರಾಟ ಆರಂಭಿಸಿ, ಮುಂದೆ ಒಂದು ರೂಪಾಯಿ ಟಿಕೆಟ್ಟಿನಿಂದ ದೇಶದ ಮನೆಮಾತಾಯಿತು. ಬಸ್ಸು-ರೈಲಿನ ಜನ ಮೊದಲ ಬಾರಿಗೆ ವಿಮಾನ ಹತ್ತಿದ್ದು ಆಗಲೇ.

ಪೂರ್ವದ ಬಾಗಿಲು ತೆರೆದಾಗ

ಅಗ್ಗದ ವಿಮಾನವೊಂದೇ ಸಾಲದು; ಇಳಿದ ಊರೂ ಅಗ್ಗವಾಗಿರಬೇಕಲ್ಲ? ಬ್ರಿಟಿಷ್ ಗೆಳೆಯರ ಮೊದಲ ವಿದೇಶಿ ಗುರಿಗಳು ಡಬ್ಲಿನ್ ಮತ್ತು ಆಮ್‌ಸ್ಟರ್‌ಡ್ಯಾಮ್. ಅಲ್ಲಿ ಬಿಯರಿನ ಬೆಲೆ ಲಂಡನ್ನಿಗಿಂತ ಹೇಳಿಕೊಳ್ಳುವಷ್ಟು ಕಡಿಮೆ ಇರಲಿಲ್ಲ. 1989ರಲ್ಲಿ ಪೂರ್ವ ಯೂರೋಪಿನ ಕಮ್ಯುನಿಸ್ಟ್ ಸರಕಾರಗಳು ಒಂದರ ಹಿಂದೊಂದು ಉರುಳಿದಾಗ ಹೊಸ ಬಾಗಿಲು ತೆರೆಯಿತು. ತಲಾ ಬಿಯರ್ ಸೇವನೆಯಲ್ಲಿ ದಶಕಗಳಿಂದ ಜಗತ್ತಿಗೇ ಮುಂದಿರುವ ಚೆಕ್ ನಾಡಿನ ರಾಜಧಾನಿ ಪ್ರಾಗ್ ಮೊದಲು ‘ಸ್ಟ್ಯಾಗ್’ ಪೇಟೆಯಾಯಿತು. 2004ರ ಮೇ 1ರಂದು ಚೆಕ್, ಪೋಲೆಂಡ್, ಹಂಗೇರಿ, ಲಾಟ್ವಿಯ, ಎಸ್ಟೋನಿಯ ಸೇರಿ ಹತ್ತು ದೇಶಗಳು ಒಕ್ಕೂಟಕ್ಕೆ ಸೇರಿದವು. ಅಗ್ಗದ ವಿಮಾನಗಳು ರೀಗಾ, ಟಾಲಿನ್, ಕ್ರಾಕೋ, ಬುಡಾಪೆಸ್ಟಿಗೂ ಸಾಲುಗಟ್ಟಿದವು.

ಇಲ್ಲೊಂದು ಮಾತು ಹೇಳಲೇಬೇಕು. ಇವೇ ವಿಮಾನಗಳಲ್ಲಿ ಎದುರು ದಿಕ್ಕಿನಿಂದ ಪೋಲೆಂಡ್, ಲಾಟ್ವಿಯದ ಬಡಗಿಗಳು, ದಾದಿಯರು, ಹೋಟೆಲ್ ಕೆಲಸದವರು ಬ್ರಿಟನ್ನಿಗೆ ದುಡಿಯಲು ಬಂದರು. ಹಬ್ಬಕ್ಕೆ ಮನೆಗೆ ಹೋಗಿಬಂದರು. ಶುಕ್ರವಾರ ಗಂಡು ಜಿಂಕೆಗಳ ಹಿಂಡನ್ನು ಹೊತ್ತೊಯ್ದ ವಿಮಾನವೇ ಅರ್ಧ ಗಂಟೆಯಲ್ಲಿ ತಾಯಿಯನ್ನು ಮಗನ ಬಳಿಗೆ ತಂದುಬಿಟ್ಟಿತು. ಹೀಗಾಗಿ ಅಗ್ಗದ ವಿಮಾನವನ್ನೇ ಖಳನಾಯಕ ಎನ್ನುವುದು ನ್ಯಾಯವಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಟಿಕೆಟ್ಟಿನಲ್ಲಿ ಉಳಿದ ಹಣವನ್ನು ಕೊನೆಗೆ ತೆರುವವರು ಯಾರು?

ಗೆಳೆಯನ ಜೇಬಿನ ಲೆಕ್ಕ

ಬ್ರಿಟಿಷ್ ಮದುವೆಯಲ್ಲಿ ಈ ಪ್ರವಾಸದ ಹೊಣೆ ‘ಬೆಸ್ಟ್ ಮ್ಯಾನ್’ ಎನ್ನಿಸಿಕೊಂಡ ಆಪ್ತ ಗೆಳೆಯನದು. ಊರು ಆರಿಸುವುದು, ಟಿಕೆಟ್ ಕಾದಿರಿಸುವುದು, ಎಲ್ಲರಿಂದ ಹಣ ಎತ್ತುವುದು ಎಲ್ಲವೂ ಅವನ ತಲೆಯ ಮೇಲೆ. ವರನ ಖರ್ಚನ್ನು ಉಳಿದವರು ಹಂಚಿಕೊಳ್ಳುವುದು ವ್ಯಾಪಕ ರೂಢಿ.

ಒಂದು ಉದಾಹರಣೆ ಊಹಿಸಿಕೊಳ್ಳಿ. ವರ ಮತ್ತು ಹತ್ತು ಗೆಳೆಯರು, ಎರಡು ರಾತ್ರಿಯ ಪ್ರವಾಸ. ಹೋಗಿಬರುವ ಟಿಕೆಟ್ಟಿಗೆ 50 ಪೌಂಡು ಎಂದುಕೊಳ್ಳೋಣ. ಚೀಲಕ್ಕೆ 40, ಎರಡೂ ಕಡೆ ವಿಮಾನ ನಿಲ್ದಾಣದ ಓಡಾಟಕ್ಕೆ 30, ವಸತಿಗೆ 70, ಊಟ-ಕುಡಿತ-ಆಟಕ್ಕೆ 120. ಒಟ್ಟು 310 ಪೌಂಡು. ವರನ 310 ಪೌಂಡನ್ನು ಹತ್ತು ಜನ ಹಂಚಿಕೊಂಡರೆ ತಲೆಗೆ ಇನ್ನೂ 31. ಒಬ್ಬೊಬ್ಬನ ಪಾಲು 341ಕ್ಕೆ ಬಂತು! ಎಲ್ಲರ ಕಣ್ಣು ಕುಕ್ಕಿದ ಆ ಟಿಕೆಟ್ಟು ಇಡೀ ಖರ್ಚಿನ ಏಳರಲ್ಲಿ ಒಂದು ಪಾಲು ಮಾತ್ರ. ಕೋಳಿಗಿಂತ ಮಸಾಲೆಗೇ ಹೆಚ್ಚು ದುಡ್ಡು ಬಿದ್ದಂತೆ.

ಇದು ಆಕಸ್ಮಿಕವಲ್ಲ, ವ್ಯಾಪಾರದ ರೀತಿಯೇ ಹಾಗೆ. ಅಗ್ಗದ ಕಂಪೆನಿಗಳು ಟಿಕೆಟ್ ದರವನ್ನು ಇಳಿಸಿ, ಚೀಲ, ಆಸನದ ಆಯ್ಕೆ, ತಿಂಡಿ-ಪಾನೀಯಗಳಿಗೆ ಬೇರೆಬೇರೆಯಾಗಿ ವಸೂಲು ಮಾಡುತ್ತವೆ. ಆಸನಗಳು ಭರ್ತಿಯಾಗುತ್ತ ಹೋದಂತೆ ದರ ಏರುತ್ತದೆ. ಶುಕ್ರವಾರ ಸಂಜೆ ಹೋಗಿ ಭಾನುವಾರ ಸಂಜೆ ಮರಳುವ ವಿಮಾನಗಳು ಎಲ್ಲರಿಗೂ ಬೇಕಾದವು. ಆದ್ದರಿಂದ ಅವೇ ತುಟ್ಟಿ. ಗುರುವಾರ ಹೊರಟು ಶನಿವಾರ ಮರಳಿದರೆ ಉಳಿತಾಯವಾದೀತು. ಆದರೆ ಕೆಲಸಕ್ಕೆ ರಜೆ ಹಾಕಬೇಕು. ಬುಕ್ ಮಾಡಿದ ಮೇಲೆ ಒಬ್ಬ ಬರುವುದಿಲ್ಲವೆಂದು ಇನ್ನೊಬ್ಬನ ಹೆಸರು ಹಾಕಿಸಹೋದರೆ, ಹೆಸರು ಬದಲಿಸುವ ಶುಲ್ಕ ಎಷ್ಟೋ ಸಲ ಟಿಕೆಟ್ಟಿನ ಬೆಲೆಯನ್ನೇ ಮೀರುತ್ತದೆ.

ಇಳಿಯುವ ಜಾಗದ್ದೂ ಒಂದು ಕಥೆ. ಪ್ಯಾರಿಸ್ ಎಂದು ಟಿಕೆಟ್ ಕೊಂಡವನು ಇಳಿಯುವುದು ನಗರದಿಂದ ಸುಮಾರು 80 ಕಿಲೊಮೀಟರ್ ಆಚೆಯ ಬೊವೇ ನಿಲ್ದಾಣದಲ್ಲಿರಬಹುದು. ಫ್ರಾಂಕ್‌ಫರ್ಟ್ ಹೆಸರು ಹೊತ್ತ ಹಾನ್ ನಿಲ್ದಾಣ ಆ ನಗರದಿಂದ 120 ಕಿಲೊಮೀಟರ್ ದೂರ! ಇಂಥ ನಿಲ್ದಾಣಗಳಲ್ಲಿ ಬಾಡಿಗೆ ಕಡಿಮೆ, ನೂಕುನುಗ್ಗಲು ಕಡಿಮೆ, ಕಂಪೆನಿಗೆ ಲಾಭ. ಬಸ್ಸಿನ ಹಣವೂ ಸಮಯವೂ ಪ್ರಯಾಣಿಕನ ಪಾಲು.

ಜಾಣ ಬೆಸ್ಟ್ ಮ್ಯಾನ್ ಊರಿನಿಂದ ಶುರುಮಾಡುವುದಿಲ್ಲ, ಗೆಳೆಯರ ಜೇಬಿನಿಂದ ಶುರುಮಾಡುತ್ತಾನೆ. ‘ನಿನಗೆ ಎಷ್ಟು ಸಾಧ್ಯ?’ ಎಂದು ಒಬ್ಬೊಬ್ಬನನ್ನೂ ಬೇರೆಬೇರೆಯಾಗಿ ಕೇಳಿ, ಅತಿ ಕಡಿಮೆ ಹೇಳಿದವನ ಮೊತ್ತವನ್ನೇ ಮಿತಿಯೆಂದು ಇಟ್ಟುಕೊಳ್ಳುತ್ತಾನೆ. ಎಲ್ಲರೆದುರು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಈಚೆಗೆ ಕೆಲಸ ಕಳಕೊಂಡವನು, ಮನೆಯಲ್ಲಿ ಹಸುಗೂಸಿರುವವನು ನಗುತ್ತಲೇ ಹೂಂಗುಟ್ಟಿ ಸಾಲದ ಕಾರ್ಡು ಉಜ್ಜುತ್ತಾನೆ. ಇಲ್ಲವೇ ಏನೋ ನೆಪ ಹೇಳಿ ತಪ್ಪಿಸಿಕೊಂಡು, ಮದುವೆಯ ದಿನವೂ ಅಳುಕುತ್ತಲೇ ಬರುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಹನ್ನೊಂದು ಜನ ಮಲಗುವ ಹಾಸಿಗೆಯಲ್ಲಿ ಯಾರ ಕಾಲು ಆಚೆ ಚಾಚಿದೆ ಎಂದು ನೋಡುವವರು ಬೇಕಲ್ಲ?

ಊರಿನವರು ತೆತ್ತ ಬೆಲೆ

ಜೇಬಿನ ಲೆಕ್ಕಕ್ಕೆ ಸಿಗದ ಇನ್ನೊಂದು ಬೆಲೆ ಇದೆ. ಅದನ್ನು ತೆರುವವರು ಈ ಮದುವೆಗೆ ಆಮಂತ್ರಣವೇ ಇಲ್ಲದ ಜನ.

ಲಾಟ್ವಿಯದ ರಾಜಧಾನಿ ರೀಗಾದ ನಡುವೆ 42 ಮೀಟರ್ ಎತ್ತರದ ಸ್ವಾತಂತ್ರ್ಯ ಸ್ಮಾರಕವಿದೆ. ತುದಿಯಲ್ಲಿ ಮೂರು ನಕ್ಷತ್ರಗಳನ್ನು ಎತ್ತಿಹಿಡಿದ ಹೆಣ್ಣು. 1918ರಿಂದ 1920ರವರೆಗಿನ ಸ್ವಾತಂತ್ರ್ಯ ಸಮರದಲ್ಲಿ ಮಡಿದವರಿಗಾಗಿ ಜನರೇ ವಂತಿಗೆ ಎತ್ತಿ ಕಟ್ಟಿಸಿ, 1935ರಲ್ಲಿ ಅನಾವರಣ ಮಾಡಿದ್ದು. ಸೋವಿಯತ್ ಆಳ್ವಿಕೆಯಲ್ಲಿ ಅದರ ಬುಡದಲ್ಲಿ ಹೂವಿಡುವುದೂ ಅಪಾಯದ ಕೆಲಸವಾಗಿತ್ತು. 1987ರ ಜೂನ್ 14ರಂದು, 1941ರಲ್ಲಿ ಸೈಬೀರಿಯಕ್ಕೆ ಸಾಗಿಸಲ್ಪಟ್ಟವರ ನೆನಪಿಗೆ ಜನ ಧೈರ್ಯಮಾಡಿ ಅಲ್ಲಿ ಹೂವಿಟ್ಟರು. ನಾಲ್ಕು ವರ್ಷಗಳಲ್ಲಿ ದೇಶ ಮತ್ತೆ ಸ್ವತಂತ್ರವಾಯಿತು.

2004ರ ನಂತರದ ವರ್ಷಗಳಲ್ಲಿ ಅದೇ ಸ್ಮಾರಕದ ಬುಡದಲ್ಲಿ ಕುಡಿದ ಬ್ರಿಟಿಷ್ ಪ್ರವಾಸಿಗರು ಮೂತ್ರ ವಿಸರ್ಜಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದ ಪ್ರಕರಣಗಳು ಮತ್ತೆ ಮತ್ತೆ ನಡೆದವು. ಅವರಿಗೆ ಅದು ಕತ್ತಲಲ್ಲಿ ಸಿಕ್ಕ ಒಂದು ಕಲ್ಲುಗೋಡೆ, ಅಷ್ಟೆ. ಹೂವಿಟ್ಟು ಬಂದಿದ್ದ ಅಜ್ಜಿಗೆ? ದಂಡ ಕಟ್ಟಿದರೆ ಪ್ರಕರಣ ಮುಗಿಯುತ್ತದೆ, ಅವಮಾನ ಮುಗಿಯುವುದಿಲ್ಲ.

ಊರುಗಳು ಈಗ ಎದುರು ಮಾತಾಡತೊಡಗಿವೆ. ಬುಡಾಪೆಸ್ಟಿನ ಏಳನೆಯ ವಾರ್ಡಿನಲ್ಲಿ ಮಧ್ಯರಾತ್ರಿಯ ನಂತರ ಪಬ್ ಮುಚ್ಚಿಸಬೇಕೇ ಎಂದು 2018ರಲ್ಲಿ ಜನಮತವೇ ನಡೆಯಿತು. ಸಾಕಷ್ಟು ಮತ ಬೀಳದೆ ಅದು ಅಸಿಂಧುವಾಯಿತು. 2023ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರಾಡಳಿತ ‘ದೂರವಿರಿ’ ಎಂಬ ಪ್ರಚಾರ ಆರಂಭಿಸಿ, 18ರಿಂದ 35 ವಯಸ್ಸಿನ ಬ್ರಿಟಿಷ್ ಗಂಡಸರನ್ನೇ ಗುರಿಯಾಗಿಸಿತು. ಇಂಟರ್‌ನೆಟ್ಟಿನಲ್ಲಿ ಸ್ಟ್ಯಾಗ್ ಪಾರ್ಟಿಗೆ ಹುಡುಕಿದವರ ಮುಂದೆ ದಂಡ, ಬಂಧನ, ಆಸ್ಪತ್ರೆಯ ಎಚ್ಚರಿಕೆಗಳೇ ಬಂದು ನಿಂತವು! ಪ್ರಾಗ್ ನಗರಾಡಳಿತ 2024ರಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸಂಘಟಿತವಾಗಿ ಪಬ್ಬಿನಿಂದ ಪಬ್ಬಿಗೆ ಗುಂಪು ಕರೆದೊಯ್ಯುವುದನ್ನು ನಿಷೇಧಿಸಲು ನಿರ್ಧರಿಸಿತು.

ಇಷ್ಟಕ್ಕೂ ಈ ಊರುಗಳಲ್ಲಿ ಪ್ರವಾಸಿಗರಿಂದಲೇ ಬದುಕುವ ಹೋಟೆಲಿನವರಿದ್ದಾರೆ, ಟ್ಯಾಕ್ಸಿಯವರಿದ್ದಾರೆ. ಅವರಿಗೆ ವ್ಯಾಪಾರ ಬೇಕು. ಅವರದೇ ಮಕ್ಕಳಿಗೆ ರಾತ್ರಿ ನಿದ್ದೆಯೂ ಬೇಕು.

ಗಡಿಯಲ್ಲಿ ಬಿಗಿಯಾದ ಗಂಟು

ಬ್ರಿಟನ್ ಒಕ್ಕೂಟದಿಂದ ಹೊರಬಿದ್ದು, ಪರಿವರ್ತನೆಯ ಅವಧಿಯೂ 2020ರ ಕೊನೆಗೆ ಮುಗಿದ ಮೇಲೆ ಪ್ರವಾಸದ ಸಿದ್ಧತೆಯೂ ಬದಲಾಗಿದೆ. ಬ್ರಿಟಿಷರ ಪಾಸ್‌ಪೋರ್ಟ್ ಒಕ್ಕೂಟವನ್ನು ಪ್ರವೇಶಿಸುವ ದಿನಕ್ಕೆ ಹತ್ತು ವರ್ಷದೊಳಗಿನದಾಗಿರಬೇಕು. ಮರಳುವ ದಿನದ ನಂತರ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು ಮತ್ತು ಮುಖಚಿತ್ರ ದಾಖಲಿಸುವ ಹೊಸ ವ್ಯವಸ್ಥೆಯೂ ಹಂತಹಂತವಾಗಿ ಜಾರಿಗೆ ಬಂದಿದೆ. ಹನ್ನೊಂದು ಜನರಲ್ಲಿ ಒಬ್ಬನ ಪಾಸ್‌ಪೋರ್ಟ್ ಹಳತಾದರೂ ಅವನ ಟಿಕೆಟ್ಟು ನೀರುಪಾಲು.

ವಿಮಾನದಲ್ಲಿ ಕುಡಿದು ಮತ್ತನಾಗಿರುವುದೂ ಬ್ರಿಟಿಷ್ ಕಾನೂನಿನ ಪ್ರಕಾರ ಅಪರಾಧ. ಎರಡು ವರ್ಷಗಳವರೆಗೆ ಸೆರೆಮನೆ ವಾಸ ಆಗಬಹುದು. ನಿಲ್ದಾಣದ ಬಾರಿನಲ್ಲೇ ಮೋಜು ಶುರುಮಾಡಿದ ಗುಂಪನ್ನು ಸಿಬ್ಬಂದಿ ಹತ್ತಿಸದೆ ಬಿಡಲೂಬಹುದು. ಕುಡಿದ ಅಮಲಿನಲ್ಲಿ ಕಾಲು ಮುರಿದುಕೊಂಡರೆ ಪ್ರವಾಸ ವಿಮೆ ಹಲವು ಸಲ ಕೈಕೊಡುತ್ತದೆ. ಪತ್ರದ ಸಣ್ಣ ಅಕ್ಷರಗಳನ್ನು ಹೊರಡುವ ಮುಂಚೆಯೇ ಓದಿಕೊಳ್ಳುವುದು ಒಳಿತು.

ಹಾಗಾದರೆ ಕಡಿಮೆ ಖರ್ಚಿನ ಸ್ಟ್ಯಾಗ್ ಪ್ರವಾಸ ಸಾಧ್ಯವೇ ಇಲ್ಲವೇ? ಖಂಡಿತ ಸಾಧ್ಯ. ತಿಂಗಳುಗಳ ಮುಂಚೆ ಟಿಕೆಟ್, ಇಬ್ಬರಿಗೊಂದು ಚೀಲ, ನಗರದೊಳಗೇ ನಡೆದು ಹೋಗುವಷ್ಟು ಹತ್ತಿರದ ವಸತಿ, ಹಗಲಿಗೊಂದು ನದಿವಿಹಾರವೋ ಫುಟ್‌ಬಾಲ್ ಪಂದ್ಯವೋ, ರಾತ್ರಿಗೊಂದು ಒಳ್ಳೆಯ ಊಟ. ಗೆಳೆಯನ ನೆನಪಿನಲ್ಲಿ ಉಳಿಯುವುದು ಹನ್ನೆರಡನೆಯ ಗ್ಲಾಸಲ್ಲ, ಎಲ್ಲರೂ ಬಂದಿದ್ದರು ಎಂಬ ಸಂಗತಿ.

ಟಿಕೆಟ್ಟಿನ ಮೇಲೆ ಅಚ್ಚಾದ ದರ ವಿಮಾನ ಕಂಪೆನಿಯ ಲೆಕ್ಕ. ಅದರಾಚೆಗಿನ ಲೆಕ್ಕದಲ್ಲಿ ಇಲ್ಲವೆನ್ನಲಾಗದ ಗೆಳೆಯನಿದ್ದಾನೆ, ನಿದ್ದೆ ಬಾರದ ಬೀದಿಯಿದೆ, ಹೂವಿಟ್ಟ ಕಲ್ಲಿದೆ. ಇವರ್‍ಯಾರಿಗೂ ಸಾಲ ಹೊರಿಸದೆ ಮರಳಿ ಬಂದ ಪ್ರವಾಸವನ್ನು ಮಾತ್ರ ಅಗ್ಗ ಎನ್ನಬಹುದು.