ಕೋಟೆಯ ಬಂಡೆಯ ಮೇಲೊಂದು ಒಂಟಿ ಗಿಡ: ಕುಂಡದಲ್ಲಿ ಸುಲಭ, ಬೆಟ್ಟದಲ್ಲಿ ದುರ್ಲಭ

ಪುಣೆ ಜಿಲ್ಲೆಯ ಜುನ್ನರ್ ಪಟ್ಟಣದ ಪಕ್ಕದಲ್ಲಿ ನಿಂತಿರುವ ಶಿವನೇರಿ ಕೋಟೆ ಎಂದೊಡನೆ ನೆನಪಾಗುವುದು ಶಿವಾಜಿ. ಬೆಂಗಳೂರನ್ನು ಜಹಗೀರಾಗಿ ಪಡೆದಿದ್ದ ಶಹಾಜಿಯ ಈ ಮಗ 1630ರಲ್ಲಿ ಹುಟ್ಟಿದ್ದು ಇಲ್ಲಿಯೇ. ಆದರೆ ಸಸ್ಯಶಾಸ್ತ್ರಜ್ಞರಿಗೆ ಈ ಕೋಟೆ ಇನ್ನೊಂದು ಕಾರಣಕ್ಕೂ ಮುಖ್ಯ. ಅದರ ಕಡಿದಾದ ಬಂಡೆಗಳ ಬಿರುಕುಗಳಲ್ಲಿ ಬೇರೂರಿ ಜೋತಾಡುವ ಒಂದು ರಸಭರಿತ ಗಿಡ ಮಹಾರಾಷ್ಟ್ರದ ಸಹ್ಯಾದ್ರಿಯನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲ.

ಅದರ ಹೆಸರು ಫ್ರೀರಿಯಾ ಇಂಡಿಕಾ. ಮರಾಠಿಯಲ್ಲಿ ಶಿಂದಳ ಮಾಕುಡಿ. 1860ರ ದಶಕದಲ್ಲಿ ಇದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದವನು ಮುಂಬಯಿ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದ ಸ್ಕಾಟ್ಲೆಂಡಿನ ನಿಕೋಲ್ ಡಾಲ್ಜೆಲ್. ಆಗಿನ ಗವರ್ನರ್ ಸರ್ ಬಾರ್ಟಲ್ ಫ್ರೀರ್‌ನ ಹೆಸರನ್ನೇ ಅವನು ಗಿಡಕ್ಕಿಟ್ಟ. ಈಚಿನ ವರ್ಗೀಕರಣದಲ್ಲಿ ಕೆಲವು ತಜ್ಞರು ಇದನ್ನು ಬೌಸೆರೋಸಿಯಾ ಎಂಬ ಕುಲಕ್ಕೆ ಸೇರಿಸಿದ್ದಾರೆ.

ನಮ್ಮ ಹಾದಿಬದಿಯ ಎಕ್ಕದ ಗಿಡಕ್ಕೆ ಇದು ದೂರದ ನೆಂಟ. ಬೀಜಗಳಿಗೆ ಎಕ್ಕದಂತೆಯೇ ರೇಷ್ಮೆಯ ಕುಚ್ಚು. ಗಾಳಿಯಲ್ಲಿ ತೇಲಿಹೋಗಿ ಮತ್ತೊಂದು ಬಿರುಕು ಸಿಕ್ಕರೆ ಅಲ್ಲೇ ಬಿಡಾರ. ಮಳೆಗಾಲದಲ್ಲಿ ಕಂದುಗೆಂಪು ಬಣ್ಣದ, ಹಳದಿ ಮಚ್ಚೆಗಳ ನಕ್ಷತ್ರದಂಥ ಹೂ ಬಿಡುತ್ತದೆ. ಪರಾಗಸ್ಪರ್ಶದ ಕೆಲಸ ನೊಣಗಳದು.

ಎರಡು ಬಗೆಯ ಬದುಕು

ಈ ಗಿಡದ ಹೆಚ್ಚುಗಾರಿಕೆ ಇರುವುದು ಎಲೆಯಲ್ಲಿ. ಇದರ ಹತ್ತಿರದ ಬಂಧುಗಳಾದ ಕರಲುಮ ಗಿಡಗಳು ನಮ್ಮ ಬಯಲುಸೀಮೆಯ ಕುರುಚಲು ಕಾಡಿನಲ್ಲೂ ಇವೆ. ಅವುಗಳಲ್ಲಿ ಎಲೆ ಎಂಬುದು ಹೆಸರಿಗಷ್ಟೆ. ಕಾಣುವುದು ಬರೀ ದಪ್ಪ ಹಸಿರು ಕಾಂಡ. ಫ್ರೀರಿಯಾ ಮಾತ್ರ ಮಳೆ ಬಿದ್ದೊಡನೆ ಅಗಲವಾದ ಎಲೆಗಳನ್ನು ತಳೆಯುತ್ತದೆ, ಬೇಸಿಗೆಯ ಹೊತ್ತಿಗೆ ಉದುರಿಸಿಬಿಡುತ್ತದೆ.

ಇದರ ಮರ್ಮವೇನು? 1977ರಲ್ಲಿ ಲಾಂಗೆ ಮತ್ತು ಜುಬರ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಎಲೆಗಳು ಸಾಮಾನ್ಯ ಗಿಡಗಳಂತೆ ಹಗಲಿನಲ್ಲೇ ಗಾಳಿಯಿಂದ ಇಂಗಾಲದ ಡೈ ಆಕ್ಸೈಡ್ ಹೀರಿ ಆಹಾರ ತಯಾರಿಸುತ್ತವೆ. ಕಾಂಡದ ರೀತಿಯೇ ಬೇರೆ. ಅದು ಪಾಪಾಸುಕಳ್ಳಿಯಂತೆ ತಂಪಾದ ರಾತ್ರಿಯಲ್ಲಿ ರಂಧ್ರ ತೆರೆದು ಇಂಗಾಲದ ಡೈ ಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟುಕೊಳ್ಳುತ್ತದೆ. ಹಗಲಿನಲ್ಲಿ ರಂಧ್ರ ಮುಚ್ಚಿ, ಕೂಡಿಟ್ಟದ್ದನ್ನು ಬಳಸುತ್ತದೆ. ಹೀಗಾಗಿ ನೀರು ಆವಿಯಾಗುವುದು ಕಡಿಮೆ. ನೀರಿದ್ದಾಗ ಧಾರಾಳ, ಇಲ್ಲದಾಗ ಜಿಪುಣತನ: ಒಂದೇ ಗಿಡದಲ್ಲಿ ಎರಡು ಬದುಕು. ಎಲೆಯುಳ್ಳ ಗಿಡಗಳಿಂದ ಎಲೆಯಿಲ್ಲದ ರಸಸಸ್ಯಗಳು ಹೇಗೆ ರೂಪುಗೊಂಡವು ಎಂದು ಹುಡುಕುವವರಿಗೆ ಇದೊಂದು ಜೀವಂತ ಸುಳಿವು.

ಅಪಾಯ ಎಲ್ಲಿಂದ?

ಇಷ್ಟು ಜಾಣ ಗಿಡವೂ ಇಂದು ಸಂಕಟದಲ್ಲಿದೆ. ಶಿವನೇರಿ, 1665ರ ಒಪ್ಪಂದಕ್ಕೆ ಹೆಸರಾದ ಪುರಂದರ, ಸಮರ್ಥ ರಾಮದಾಸರ ಸಮಾಧಿಯಿರುವ ಸಜ್ಜನಗಡ ಸೇರಿದಂತೆ ಇದರ ನೆಲೆಗಳು ಬೆರಳೆಣಿಕೆಯವು, ಒಂದರಿಂದ ಒಂದು ದೂರ. ಒಂದು ಬೆಟ್ಟದಲ್ಲಿ ಗಿಡ ಅಳಿದರೆ ಇನ್ನೊಂದು ಬೆಟ್ಟದಿಂದ ಬೀಜ ಹಾರಿಬಂದು ಆ ಜಾಗ ತುಂಬುವುದು ಕಷ್ಟ. ಬೇಸಿಗೆಯಲ್ಲಿ ಒಣಹುಲ್ಲಿಗೆ ಹಚ್ಚುವ ಬೆಂಕಿ, ಆಡುಗಳ ಮೇವು, ಮಳೆಗಾಲದ ಭೂಕುಸಿತ, ಅಪರೂಪದ ಗಿಡಗಳ ಹವ್ಯಾಸಿಗಳ ಆಸೆ, ಇವೆಲ್ಲ ಸೇರಿ ಅದನ್ನು ಕೈಗೆಟುಕದ ಬಂಡೆಗಳಿಗೆ ಅಟ್ಟಿವೆ.

ವಿಚಿತ್ರವೆಂದರೆ ಕುಂಡದಲ್ಲಿ ಇದು ಸುಲಭವಾಗಿ ಬೆಳೆಯುತ್ತದೆ. ತುಂಡು ನೆಟ್ಟರೂ ಚಿಗುರುತ್ತದೆ. ಯೂರೋಪಿನ ಗಾಜಿನಮನೆಗಳಲ್ಲೂ ಇದೆ. ಹಾಗಾದರೆ ಚಿಂತೆಯೇಕೆ ಎಂದು ಕೇಳಬಹುದು. ತುಂಡಿನಿಂದ ಬೆಳೆದ ನೂರು ಗಿಡಗಳೂ ಒಂದೇ ತಾಯಿಯ ಪಡಿಯಚ್ಚು. ಒಂದಕ್ಕೆ ತಗಲಿದ ರೋಗ ಎಲ್ಲವನ್ನೂ ಕೆಡವಬಲ್ಲದು. ತಲೆಮಾರುಗಳಿಂದ ಬೆಟ್ಟದ ಮಳೆ, ಬಿಸಿಲು, ನೊಣಗಳ ಜೊತೆ ಹೊಂದಿಕೊಂಡು ಉಳಿದ ವೈವಿಧ್ಯ ಕುಂಡಕ್ಕೆ ಬರುವುದಿಲ್ಲ.

ಸಂರಕ್ಷಣೆಯ ಯತ್ನಗಳು ನಡೆದಿವೆ. ಕೇಂದ್ರ ಸರ್ಕಾರ ರಕ್ತಚಂದನ, ಕಾಡು ಆರ್ಕಿಡ್‌ಗಳ ಜೊತೆಗೆ ಇದನ್ನೂ ಕಾಡಿನಿಂದ ಕಿತ್ತು ರಫ್ತು ಮಾಡಬಾರದ ಸಸ್ಯಗಳ ಪಟ್ಟಿಗೆ ಸೇರಿಸಿತು. ಸತಾರಾ ಜಿಲ್ಲೆಯ ಶಿರವಳದಲ್ಲಿರುವ ನವರೋಜಿ ಗೋದ್ರೆಜ್ ಸಸ್ಯ ಸಂಶೋಧನಾ ಕೇಂದ್ರ ಇದನ್ನು ಬೆಳೆಸಿ ಬೆಟ್ಟಗಳಿಗೆ ಮರಳಿಸುವ ಕೆಲಸ ಕೈಗೊಂಡಿತು.

2025ರಲ್ಲಿ ಶಿವನೇರಿ ಸೇರಿ ಮರಾಠರ 12 ಕೋಟೆಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇನ್ನು ಪ್ರವಾಸಿಗರು ಹೆಚ್ಚುವುದು, ಗೋಡೆಗಳ ದುರಸ್ತಿ ನಡೆಯುವುದು ಸಹಜ. ಬಂಡೆ ಶುಚಿಗೊಳಿಸುವ ಕೂಲಿಯವನ ಕಣ್ಣಿಗೆ ಫ್ರೀರಿಯಾ ಒಂದು ಕಳೆ. ಅದನ್ನು ಗುರುತಿಸುವುದನ್ನು ಅವನಿಗೂ ಕೋಟೆಯ ಕಾವಲುಗಾರನಿಗೂ ಕಲಿಸಿದರೆ ದೊಡ್ಡ ಖರ್ಚಿಲ್ಲದೆ ದೊಡ್ಡ ಕೆಲಸವಾದೀತು. ಕೋಟೆಯ ಕಲ್ಲು ಬಿದ್ದರೆ ಮತ್ತೆ ಕಟ್ಟಬಹುದು. ಕಲ್ಲಿನ ಸಂದಿಯ ಗಿಡ ಅಳಿದರೆ ಅದನ್ನು ಕಟ್ಟಿಕೊಡುವ ಶಿಲ್ಪಿ ಎಲ್ಲೂ ಇಲ್ಲ.